ಮಳೆಯ ರಸ್ತೆಯಲ್ಲಿ ಇಬ್ಬರ ಸವಾರಿ

ರೋಹಿಣಿ ಕಳೆದು ಮೃಗಶಿರ ಮಳೆ ಕಾಲಿಡುವ ಹೊತ್ತಿಗೆ ನಮ್ಮ ನಾಡಿನ ದಾರಿಗಳ ಸ್ವರೂಪವೇ ಬೇರೆಯಾಗುತ್ತದೆ. ಬೀಜ ಗೊಬ್ಬರಕ್ಕೆಂದು ರೈತ ಸಂಪರ್ಕ ಕೇಂದ್ರಕ್ಕೆ ಹೊರಟವರು, ಮಕ್ಕಳನ್ನು ಶಾಲೆಗೆ ಸೇರಿಸಲು ಪಟ್ಟಣಕ್ಕೆ ಬಂದವರು, ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ತಂದೆ, ಸಂತೆಗೆ ಹೊರಟ ದಂಪತಿ, ಇವರೆಲ್ಲರಿಗೂ ಇಂದು ಬೈಕೇ ಚಕ್ಕಡಿ, ಬೈಕೇ ಬಸ್ಸು. ಮಠದ ಅಂಗಳದಲ್ಲಿ ಹಿಂದೆ ಚಕ್ಕಡಿಗಳು ಕೊರಳು ಬಿಚ್ಚಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸಾಲುಸಾಲಾಗಿ ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ಇದು ಕಾಲದ ಅನುಕೂಲ. ಇದನ್ನು ಹಳಿಯುವ ಅಗತ್ಯ ನಮಗಿಲ್ಲ. ಆದರೆ ಈ ಅನುಕೂಲಕ್ಕೆ ತೆರುತ್ತಿರುವ ಬೆಲೆಯನ್ನು ಆರೋಗ್ಯ ವಿಭಾಗದಲ್ಲಿ ಪ್ರಸ್ತಾಪಿಸದೆ ಇರುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಗಾಬರಿ ಹುಟ್ಟಿಸುವ ಸಂಖ್ಯೆಯಿದು.

ಬೈಕು ಓಡಿಸುವ ತರುಣನಿಗೆ ಬುದ್ಧಿ ಹೇಳುವ ಬರಹಗಳು ಸಾಕಷ್ಟು ಬಂದಿವೆ. ಅವನ ಬೆನ್ನ ಹಿಂದೆ ಕುಳಿತ ತಾಯಿಯ ಕಡೆಗೆ, ಹೆಂಡತಿಯ ಕಡೆಗೆ, ಮಗುವಿನ ಕಡೆಗೆ ನೋಡಿದ ಬರಹಗಳು ವಿರಳ. ನಮ್ಮ ಹಳ್ಳಿಗಳಲ್ಲಿ ಒಬ್ಬನೇ ಕುಳಿತು ಹೋಗುವ ಬೈಕಿಗಿಂತ ಇಬ್ಬರು ಮೂವರನ್ನು ಹೊತ್ತ ಬೈಕೇ ಹೆಚ್ಚು. ಹಿಡಿಕೆ ಹಿಡಿದವನ ಕೈಯಲ್ಲಿ ಬ್ರೇಕಾದರೂ ಇರುತ್ತದೆ. ಹಿಂದೆ ಕುಳಿತವರ ಕೈಯಲ್ಲಿ ಮಳೆಗಾಲದಲ್ಲಿ ಇರುವುದು ಬಹುಮಟ್ಟಿಗೆ ಒಂದು ಕೊಡೆ. ಈ ಕೊಡೆಯ ವಿಚಾರವನ್ನು ಮುಂದೆ ವಿಸ್ತಾರವಾಗಿ ಹೇಳಲಿದ್ದೇವೆ. ಅದಕ್ಕೂ ಮೊದಲು ರಸ್ತೆಯ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಜಡಿಮಳೆಗಿಂತ ಮೊದಲ ತುಂತುರು ಹೆಚ್ಚು ಅಪಾಯಕರ ಎಂದರೆ ಅನೇಕರು ನಂಬುವುದಿಲ್ಲ. ಬೇಸಿಗೆಯುದ್ದಕ್ಕೂ ಡಾಂಬರಿನ ಮೇಲೆ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರಿನ ರಬ್ಬರು, ನುಣ್ಣನೆಯ ಧೂಳು ಕೂಡಿಕೊಂಡಿರುತ್ತವೆ. ಮೊದಲ ಹನಿಗಳು ಬಿದ್ದಾಗ ಇವೆಲ್ಲ ತೊಳೆದು ಹೋಗುವುದಿಲ್ಲ, ಕಲಸಿಕೊಳ್ಳುತ್ತವೆ. ರಸ್ತೆಯ ಮೇಲೆ ಸಾಬೂನಿನ ನೀರಿನಂಥ ತೆಳು ಪದರವೊಂದು ಹರಡುತ್ತದೆ. ಒಂದು ತಾಸು ಚೆನ್ನಾಗಿ ಸುರಿದ ಮೇಲೆ ರಸ್ತೆ ಎಷ್ಟೋ ಸುಧಾರಿಸುತ್ತದೆ. ಆದ್ದರಿಂದ ಹನಿ ಬೀಳತೊಡಗಿದ ಕೂಡಲೇ ‘ಮಳೆ ಜೋರಾಗುವುದರೊಳಗೆ ಊರು ಸೇರೋಣ’ ಎಂದು ವೇಗ ಹೆಚ್ಚಿಸುವುದು ತಿರುವುಮುರುವಿನ ಲೆಕ್ಕ. ರಸ್ತೆ ಅತ್ಯಂತ ಜಾರುವ ಗಳಿಗೆಯಲ್ಲಿಯೇ ನಾವು ಅತ್ಯಂತ ವೇಗದಲ್ಲಿರುತ್ತೇವೆ. ಆ ಹೊತ್ತಿನಲ್ಲಿ ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೋ ಬಸ್ ತಂಗುದಾಣದಲ್ಲೋ ಕಾಲು ಗಂಟೆ, ಅರ್ಧ ಗಂಟೆ ನಿಂತು ಹೊರಡುವುದು ಜಾಣತನ. ನಿಲ್ಲುವಾಗ ಒಂಟಿ ಮರದ ಕೆಳಗೆ ನಿಲ್ಲಬಾರದು. ಸಿಡಿಲು ಬಡಿಯುವುದು ಅಂಥಲ್ಲಿಯೇ. ನಗರಗಳಲ್ಲಿ ಮೇಲ್ಸೇತುವೆಯ ಕೆಳಗೆ, ಅಂಡರ್‌ಪಾಸಿನ ಬಾಯಿಯಲ್ಲಿ ರಸ್ತೆಯ ಮೇಲೆಯೇ ಗುಂಪಾಗಿ ನಿಲ್ಲುವ ರೂಢಿಯೂ ಒಳ್ಳೆಯದಲ್ಲ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಮಳೆಯ ಪರದೆಯಲ್ಲಿ ಆ ಗುಂಪು ಕಾಣುವುದು ಬಹಳ ತಡವಾಗಿ.

ವೇಗದ ಲೆಕ್ಕವನ್ನು ಒಮ್ಮೆ ಅಂಕಿಗಳಲ್ಲಿ ನೋಡುವುದು ಒಳಿತು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ಎಮ್ಮೆ ಅಡ್ಡ ಬಂದದ್ದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈ ಬ್ರೇಕು ಹಿಡಿಯುವುದಕ್ಕೇ ಒಂದು ಸೆಕೆಂಡು ಬೇಕು. ಅನಂತರ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 20 ಮೀಟರ್. ಅದೇ ರಸ್ತೆ ನೆನೆದು ಟೈರಿನ ಹಿಡಿತ ತಗ್ಗಿದರೆ 35 ಮೀಟರಿಗೂ ಮಿಕ್ಕಿ ಬೇಕಾಗುತ್ತದೆ. ಒಟ್ಟು 37 ಮೀಟರಿನಲ್ಲಿ ಮುಗಿಯಬೇಕಾದದ್ದು 52 ಮೀಟರಿಗೆ ಬೆಳೆಯಿತು. ಆ ಹದಿನೈದು ಮೀಟರಿನೊಳಗೇ ಎಮ್ಮೆ ನಿಂತಿದೆ. ಈಗ ವೇಗವನ್ನು 40ಕ್ಕೆ ಇಳಿಸಿ ನೋಡೋಣ: ನೆನೆದ ರಸ್ತೆಯಲ್ಲಿಯೂ ಎಲ್ಲ ಸೇರಿ 27 ಮೀಟರಿನಲ್ಲಿ ಬೈಕು ನಿಲ್ಲುತ್ತದೆ. ಇಪ್ಪತ್ತು ಕಿಲೋಮೀಟರ್ ದೂರದ ಊರಿಗೆ 60ರ ಬದಲು 40ರ ವೇಗದಲ್ಲಿ ಹೋದರೆ ತಡವಾಗುವುದು ಕೇವಲ ಹತ್ತು ನಿಮಿಷ. ಮುಂದಿನ ವಾಹನಕ್ಕೂ ನಮಗೂ ನಡುವೆ ಎಷ್ಟು ಅಂತರವಿರಬೇಕೆಂಬುದಕ್ಕೆ ಸುಲಭದ ಅಳತೆಯೊಂದಿದೆ. ಅದು ಯಾವುದಾದರೂ ಕಂಬವನ್ನು ದಾಟಿದ ಕ್ಷಣದಿಂದ ನಿಧಾನವಾಗಿ ನಾಲ್ಕು ಎಣಿಸಬೇಕು. ನಾಲ್ಕು ಮುಗಿಯುವ ಮೊದಲೇ ನಾವು ಆ ಕಂಬ ಮುಟ್ಟಿದರೆ ಹತ್ತಿರವಾದೆವೆಂದು ತಿಳಿಯಬೇಕು.

ಬ್ರೇಕಿನ ಬಗ್ಗೆ ನಮ್ಮ ಜನರಲ್ಲಿ ಎರಡು ವಿರುದ್ಧ ತಪ್ಪುಗಳಿವೆ. ಒಂದು, ಮುಂದಿನ ಬ್ರೇಕನ್ನು ಮುಟ್ಟಿದರೇ ಬೀಳುತ್ತೇವೆಂಬ ಭಯ. ಇನ್ನೊಂದು, ಗಾಬರಿಯಲ್ಲಿ ಅದನ್ನೇ ಮುಷ್ಟಿಯಿಟ್ಟು ಹಿಡಿಯುವುದು. ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ಮುಂದಿನ ಗಾಲಿಯಲ್ಲಿಯೇ. ಆದರೆ ಒದ್ದೆ ರಸ್ತೆಯಲ್ಲಿ ಅದು ತಿರುಗುವುದನ್ನು ನಿಲ್ಲಿಸಿ ಜಾರತೊಡಗಿದರೆ ಸಾವರಿಸಿಕೊಳ್ಳಲು ಅವಕಾಶವಿರುವುದಿಲ್ಲ. ಆದ್ದರಿಂದ ಆಕ್ಸಲರೇಟರನ್ನು ಮೊದಲು ಬಿಟ್ಟು, ಗೇರು ಇಳಿಸಿ, ಎಂಜಿನ್ನಿಗೇ ಅರ್ಧ ಕೆಲಸ ಮಾಡಲು ಬಿಡಬೇಕು. ಅನಂತರ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹಸುವಿನ ಹಾಲು ಕರೆಯುವಾಗ ಒತ್ತಡ ಕೊಡುವಂತೆ ಮೆಲ್ಲಮೆಲ್ಲನೆ ಬಿಗಿಗೊಳಿಸಬೇಕು. ತಿರುವಿನಲ್ಲಿ ವಾಲಿರುವಾಗ ಬ್ರೇಕು ಹಿಡಿಯಬಾರದು, ತಿರುವಿಗೆ ಮುನ್ನವೇ ವೇಗ ಇಳಿದಿರಬೇಕು. 125 ಸಿಸಿಗಿಂತ ಹೆಚ್ಚಿನ ಬೈಕುಗಳಿಗೆ ಗಾಲಿ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನು ಸರ್ಕಾರ 2019ರ ಏಪ್ರಿಲಿನಿಂದ ಕಡ್ಡಾಯಗೊಳಿಸಿದೆ. ಅದಕ್ಕಿಂತ ಕಡಿಮೆ ಸಾಮರ್ಥ್ಯದವುಗಳಲ್ಲಿ ಎರಡೂ ಬ್ರೇಕುಗಳು ಕೂಡಿ ಹಿಡಿಯುವ ವ್ಯವಸ್ಥೆಯಾದರೂ ಇರುತ್ತದೆ. ಹಳೆಯ ಬೈಕುಗಳಲ್ಲಿ ಇವೆರಡೂ ಇಲ್ಲ, ಮತ್ತು ನಮ್ಮ ಹಳ್ಳಿಗಳಲ್ಲಿ ಓಡಾಡುವವು ಬಹುಪಾಲು ಹಳೆಯವೇ. ಎಬಿಎಸ್ ಇದ್ದವರೂ ಅದು ರಸ್ತೆಯನ್ನು ಒಣಗಿಸುವ ಯಂತ್ರವಲ್ಲವೆಂಬುದನ್ನು ನೆನಪಿಡಬೇಕು. ಟೈರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅದರ ಗೀರುಗಳಿರುವುದು ಅಂದಕ್ಕಲ್ಲ, ನೀರನ್ನು ಹೊರಗೆ ತಳ್ಳುವುದಕ್ಕೆ. ಗೀರಿನ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿತೆಂದರೆ ಮಳೆಗಾಲಕ್ಕೆ ಅದು ಸಲ್ಲದು. ಮಳೆಯಲ್ಲಿ ಗಾಳಿ ಕಡಿಮೆಯಿದ್ದರೆ ಹಿಡಿತ ಹೆಚ್ಚೆಂಬ ನಂಬಿಕೆಯೂ ಸರಿಯಲ್ಲ, ಕಂಪನಿ ಹೇಳಿದಷ್ಟೇ ಗಾಳಿ ಇರಬೇಕು.

ಇನ್ನು ಕೊಡೆಯ ವಿಚಾರ. ಹಿಂಬದಿಯಲ್ಲಿ ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ತೊಡೆಯ ಮೇಲೆ ಒಂದು ಚೀಲ ಅಥವಾ ಮಗು. ಎಡಗೈ ಅದನ್ನು ಅಪ್ಪಿ ಹಿಡಿದಿದೆ. ಹನಿ ಬಿತ್ತೆಂದು ಬಲಗೈಯಲ್ಲಿ ಕೊಡೆ ಬಿಚ್ಚಿದಳು. ಈಗ ಆಕೆ ಬೈಕನ್ನು ಹಿಡಿದುಕೊಂಡಿರುವುದು ಯಾವ ಕೈಯಿಂದ? ಯಾವುದರಿಂದಲೂ ಅಲ್ಲ. ಬೈಕಿನ ಮೇಲೆ ಆಕೆ ಕುಳಿತಿಲ್ಲ, ಇರಿಸಲ್ಪಟ್ಟಿದ್ದಾಳೆ. ಬಿಚ್ಚಿದ ಕೊಡೆ ಸಾಮಾನ್ಯವಾಗಿ ಒಂದು ಮೀಟರ್ ಅಗಲವಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದರ ಒಡಲೊಳಗೆ ಗಾಳಿ ಹೊಕ್ಕರೆ ಏಳೆಂಟು ಕಿಲೋ ತೂಕವನ್ನು ಜಗ್ಗಿದಷ್ಟು ಬಲದಿಂದ ಅದು ಹಿಂದಕ್ಕೆಳೆಯುತ್ತದೆ. ವೇಗ 60ಕ್ಕೆ ಏರಿದರೆ ಈ ಬಲ ಎರಡು ಪಟ್ಟಿಗೂ ಮೀರುತ್ತದೆ. ಎದುರಿನಿಂದ ಲಾರಿಯೊಂದು ಭರ್ರೆಂದು ಹಾದುಹೋದರೆ ಎಳೆತ ಯಾವ ದಿಕ್ಕಿಗೆ ತಿರುಗುತ್ತದೆಂದು ಹೇಳಲಾಗದು. ಕೊಡೆಯನ್ನು ಬಿಟ್ಟುಬಿಡಬೇಕೆಂಬ ಬುದ್ಧಿ ಆ ಕ್ಷಣದಲ್ಲಿ ಯಾರಿಗೂ ಹೊಳೆಯುವುದಿಲ್ಲ, ಕೈ ಇನ್ನಷ್ಟು ಬಿಗಿಯಾಗಿಯೇ ಹಿಡಿಯುತ್ತದೆ. ಇದರ ಮೇಲೆ ನೀರು ತುಂಬಿ ಕಾಣದಾದ ಒಂದು ಗುಂಡಿ, ಅಥವಾ ಬಣ್ಣವಿಲ್ಲದ ಒಂದು ರಸ್ತೆಯುಬ್ಬು ಬಂದರೆ ಸಾಕು. ಹಿಂದಕ್ಕೆ ಬಿದ್ದವರಿಗೆ ಕೈಯೂರಲು ಆಗುವುದಿಲ್ಲ. ಮೊದಲು ನೆಲಕ್ಕೆ ತಾಗುವುದು ತಲೆಯ ಹಿಂಭಾಗ. ಅಪಘಾತವೆಂದರೆ ಎರಡು ವಾಹನಗಳ ಡಿಕ್ಕಿಯೆಂದೇ ನಾವು ತಿಳಿಯುತ್ತೇವೆ. ಇಲ್ಲಿ ಡಿಕ್ಕಿಯೇ ಇಲ್ಲ, ಬೈಕಿಗೆ ಗೀರು ಕೂಡ ಆಗಿರುವುದಿಲ್ಲ. ಎಷ್ಟೋ ಸಂದರ್ಭಗಳಲ್ಲಿ ಓಡಿಸುತ್ತಿದ್ದವನು ಬೈಕು ಹಗುರವಾದ ಮೇಲೆಯೇ ತಿರುಗಿ ನೋಡಿರುತ್ತಾನೆ.

ಕೊಡೆಯಿಂದ ಮುಂದೆ ಕುಳಿತವನಿಗೂ ಅಪಾಯವಿದೆ. ಗಂಡನೋ ಮಗನೋ ನೆನೆಯದಿರಲಿ ಎಂಬ ಅಕ್ಕರೆಯಿಂದ ಅವರು ಕೊಡೆಯನ್ನು ಮುಂದಕ್ಕೆ ಚಾಚುತ್ತಾರೆ; ಅದರ ಅಂಚು ಅವನ ಕಣ್ಣಿಗೆ ಅಡ್ಡವಾಗುತ್ತದೆ. ಈ ಅಕ್ಕರೆಗೆ ಬದಲಿ ವ್ಯವಸ್ಥೆಯೊಂದೇ: ಮನೆಯಲ್ಲಿ ಎಷ್ಟು ಜನ ಬೈಕಿನ ಮೇಲೆ ಕೂರುತ್ತಾರೋ ಅಷ್ಟು ರೇನ್‌ಕೋಟುಗಳು. ನಮ್ಮ ಮನೆಗಳಲ್ಲಿ ಬೈಕಿನ ಜೊತೆಗೆ ರೇನ್‌ಕೋಟು ಕೊಳ್ಳುವಾಗ ಗಂಡಸಿಗೆ ಒಂದನ್ನು ಕೊಂಡು ಸುಮ್ಮನಾಗುವುದನ್ನು ಕಂಡಿದ್ದೇವೆ. ಹೆಂಗಸರಿಗೆ ಕೊಡೆ ಇದೆಯಲ್ಲ ಎಂಬ ಸಮಾಧಾನ. ಹೆಲ್ಮೆಟ್ಟಿನ ಕಥೆಯೂ ಇದೇ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರಲ್ಲಿ. ಪಟ್ಟಣದ ವೃತ್ತಗಳನ್ನು ದಾಟಿದ ಮೇಲೆ ಆ ನಿಯಮ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲವೆಂಬ ತೊಂದರೆ ನಿಜವಾದದ್ದೇ. ಕೂದಲನ್ನು ಕೆಳಗೆ ಜಡೆಯಾಗಿ ಹೆಣೆದುಕೊಂಡರೆ ಅದು ಪರಿಹಾರವಾಗುತ್ತದೆ. ಹಿಂದಕ್ಕೆ ಬೀಳುವವರ ತಲೆಗೆ ಮುಂದೆ ಕುಳಿತವನ ತಲೆಗಿಂತ ಹೆಲ್ಮೆಟ್ಟಿನ ಅಗತ್ಯ ಕಡಿಮೆಯೇನಲ್ಲ ಎಂಬುದನ್ನು ಮನೆಯ ಯಜಮಾನರು ಮನಗಾಣಬೇಕು.

ಸೀರೆಯುಟ್ಟವರು ಎರಡೂ ಬದಿಗೆ ಕಾಲು ಹಾಕಿ ಕೂರುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಸಾಧ್ಯವಿದ್ದವರು ಹಾಗೆ ಕುಳಿತರೆ ಅತ್ಯುತ್ತಮ. ಬೈಕಿನ ಸಮತೋಲವೂ ಉಳಿಯುತ್ತದೆ. ಆಗದವರು ಸೀಟಿನ ಪಕ್ಕದ ಅಥವಾ ಹಿಂದಿನ ಹಿಡಿಕೆಯನ್ನು ಒಂದು ಕೈಯಿಂದ ಬಿಡದೆ ಹಿಡಿಯಬೇಕು, ಪಾದಗಳು ತೂಗಾಡದೆ ಪಾದದಾನಿಯ ಮೇಲಿರಬೇಕು, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಬೇಕು. ಹಿಂಬದಿ ಸವಾರರಿಗೆ ಹಿಡಿಕೆ, ಪಾದದಾನಿ, ಹಿಂದಿನ ಗಾಲಿಯ ಅರ್ಧಕ್ಕಾದರೂ ಮರೆ, ಈ ಮೂರೂ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವೇ ಹೇಳುತ್ತದೆ. ಆ ಮರೆಯನ್ನೇ ನಾವು ಸೀರೆ ಗಾರ್ಡ್ ಎನ್ನುತ್ತೇವೆ. ತರುಣರು ಅಂದಗೆಡುತ್ತದೆಂದು ಅದನ್ನು ಬಿಚ್ಚಿಸಿ ಗ್ಯಾರೇಜಿನಲ್ಲಿಯೇ ಬಿಟ್ಟು ಬರುತ್ತಾರೆ. ತಾಯಿಯನ್ನು ಕೂರಿಸಿಕೊಳ್ಳುವ ಮುನ್ನ ಅದನ್ನು ಮರಳಿ ಕೂಡಿಸಲಿ. ನೆನೆದ ಸೆರಗು, ದುಪಟ್ಟಾ, ರೇನ್‌ಕೋಟಿನ ಜೋಲುವ ಅಂಚು, ಇವು ಒಣಬಟ್ಟೆಗಿಂತ ಬೇಗ ಗಾಲಿಗೂ ಚೈನಿಗೂ ಸುತ್ತಿಕೊಳ್ಳುತ್ತವೆ. ಹೊಲದ ಬದುವಿನ ಮೇಲೆ ಕಂಬಳಿಯ ಕೊಪ್ಪೆಗೆ ಸಾಟಿಯಾದ ಮಳೆಯುಡುಪು ಇನ್ನೊಂದಿಲ್ಲ. ಬೈಕಿನ ಮೇಲೆ ಮಾತ್ರ ಅದು ಸಲ್ಲದು.

ಮಕ್ಕಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದು, ಇಬ್ಬರ ನಡುವೆ ರೇನ್‌ಕೋಟಿನೊಳಗೆ ಮುಚ್ಚಿಡುವುದು ಎರಡೂ ಸಾಮಾನ್ಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಓಡಿಸುವವರೊಡನೆ ಬಿಗಿಯುವ ಸುರಕ್ಷಾ ಪಟ್ಟಿ, ಅಳತೆಗೆ ತಕ್ಕ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಇವನ್ನು 2023ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮ ಕಡ್ಡಾಯಗೊಳಿಸಿದೆ. ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಮೊದಲಿನಿಂದಲೂ ಕಡ್ಡಾಯವೇ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹಿಂದೆ ಕುಳಿತ ಸೊಸೆಗೆ ಭಯವಾಗುತ್ತಿರುತ್ತದೆ, ಆದರೆ ಮಾವನಿಗೆ ‘ಸಾವಕಾಶ ಹೋಗೋಣರಿ’ ಎನ್ನಲು ನಾಲಿಗೆ ಏಳುವುದಿಲ್ಲ. ವಯಸ್ಸಾದ ತಾಯಿಗೆ ಸೊಂಟ ಜಾರುತ್ತಿದೆ, ಮಗನ ಅವಸರ ಕಂಡು ಸುಮ್ಮನಿರುತ್ತಾಳೆ. ಹೊರಡುವ ಮುನ್ನವೇ ಓಡಿಸುವವನು ತಾನಾಗಿ ಮಾತು ಕೊಡಬೇಕು: ಬೆನ್ನ ಮೇಲೆ ಎರಡು ಸಲ ತಟ್ಟಿದರೆ ಕಾರಣ ಕೇಳದೆ ನಿಲ್ಲಿಸುತ್ತೇನೆಂದು. ಗಾಳಿ, ಮಳೆ, ಹೆಲ್ಮೆಟ್ಟುಗಳ ನಡುವೆ ಮಾತು ಕೇಳದಿದ್ದರೂ ಈ ತಟ್ಟುವಿಕೆ ತಿಳಿಯುತ್ತದೆ. ಉಬ್ಬು ಬಂದಾಗ, ಗುಂಡಿ ಬಂದಾಗ ಮುಂದಿನವನೂ ಕೂಗಿ ಎಚ್ಚರಿಸಬೇಕು. ಕಾಣುವುದು ಅವನಿಗೆ, ಏಟು ತಿನ್ನುವುದು ಹಿಂದಿನವರು.

ಹೆಲ್ಮೆಟ್ಟಿಗೆ ಮಳೆಯಲ್ಲಿ ಬರುವ ಅಡ್ಡಿ ಕಣ್ಣಿನದು. ಗಾಜಿನ ಒಳಗೆ ಉಸಿರಿನ ಮಂಜು, ಹೊರಗೆ ಹನಿ. ಏನೂ ಕಾಣದೆಂದು ಅದನ್ನು ತೆಗೆದು ಟ್ಯಾಂಕಿನ ಮೇಲಿಟ್ಟು ತಲೆಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋಗುವವರನ್ನು ಪ್ರತಿ ಮಳೆಗಾಲವೂ ಕಾಣುತ್ತೇವೆ. ಗಾಜನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ ಗಾಳಿಯಾಡಲು ಬಿಟ್ಟರೆ ಮಂಜು ಕರಗುತ್ತದೆ. ಗೀರು ತುಂಬಿದ ಗಾಜನ್ನು ಮಳೆಗಾಲಕ್ಕೆ ಮುನ್ನ ಬದಲಿಸಬೇಕು; ಅದರ ಖರ್ಚು ದೊಡ್ಡದಲ್ಲ. ಬಣ್ಣದ ಗಾಜು ರಾತ್ರಿಗೂ ಮಳೆಗೂ ಬೇಡ. ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಗದ್ದದ ಕೆಳಗೆ ಪಟ್ಟಿ ಬಿಗಿದು ಧರಿಸಿದರೆ ಮಾತ್ರ ಉಪಯೋಗ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಯೊಂದರಂತೆ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟು, ತಲೆಪೆಟ್ಟಿನ ಸಂಭವವನ್ನು ನೂರಕ್ಕೆ 69ರಷ್ಟು ತಗ್ಗಿಸುತ್ತದೆ. ನೆನೆದ ಹೆಲ್ಮೆಟ್ಟಿನ ಒಳಬಟ್ಟೆಯನ್ನು ಒಣಗಿಸದೆ ಮರುದಿನವೂ ಹಾಕಿಕೊಂಡರೆ ತಲೆಯ ಚರ್ಮಕ್ಕೆ ಶಿಲೀಂಧ್ರದ ಸೋಂಕು ತಗಲುವುದುಂಟು.

ನಮ್ಮ ರಸ್ತೆಗಳಿಗೆ ನಮ್ಮವೇ ಆದ ಕೆಲವು ಕೇಡುಗಳಿವೆ. ಎರೆ ಭೂಮಿಯ ಸೀಮೆಯಲ್ಲಿ, ಅಂದರೆ ಧಾರವಾಡ, ಗದಗ, ವಿಜಯಪುರದ ಕಡೆ, ಹೊಲದಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರಿನ ಗಾಲಿಗಳು ಬಿಟ್ಟುಹೋಗುವ ಕರಿಯ ಮಣ್ಣು ಒಂದು ಹನಿ ಬಿದ್ದರೂ ಬೆಣ್ಣೆಯಾಗುತ್ತದೆ. ಭತ್ತದ ಸೀಮೆಯಲ್ಲಿ ನಾಟಿಯ ದಿನಗಳಲ್ಲಿ ಗದ್ದೆಯ ಕೆಸರು ಡಾಂಬರಿನ ಮೇಲೆ ಹರಡಿರುತ್ತದೆ. ಇಂಥಲ್ಲಿ ಬ್ರೇಕು ಹಿಡಿಯದೆ, ಹಿಡಿಕೆ ತಿರುಗಿಸದೆ, ನೇರವಾಗಿ, ಒಂದೇ ನಿಧಾನದ ವೇಗದಲ್ಲಿ ದಾಟಬೇಕು. ಹಿಂಗಾರಿನ ಹೊತ್ತಿಗೆ ರಾಗಿ, ಹುರುಳಿ, ಮೆಕ್ಕೆಜೋಳವನ್ನು ರಸ್ತೆಯ ಮೇಲೆಯೇ ಹರವುವ ಪದ್ಧತಿ ಶುರುವಾಗುತ್ತದೆ. ಕಣಗಳು ಮಾಯವಾದ ಕಾಲದಲ್ಲಿ ರೈತರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ನೆನೆದ ಹೊಟ್ಟು ಮತ್ತು ಕಾಳಿನ ಮೇಲೆ ಹಾಯುವ ಬೈಕಿಗೆ ಹಿಡಿತವೆಂಬುದೇ ಇರುವುದಿಲ್ಲ, ಜಾರುವವನು ಬಹುಶಃ ಅದೇ ಊರಿನವನೇ ಆಗಿರುತ್ತಾನೆ. ನಗರದಲ್ಲಿ ಇದೇ ಸ್ಥಾನ ಬಿಳಿ ಪಟ್ಟೆಗಳದು, ಒಳಚರಂಡಿಯ ಕಬ್ಬಿಣದ ಮುಚ್ಚಳಗಳದು. ರೈಲು ಹಳಿಯನ್ನು ಓರೆಯಾಗಿ ದಾಟಬಾರದು, ನೇರವಾಗಿ ಅಡ್ಡಹಾಯಬೇಕು. ಕೆಂಪು ನೀರಿನ ಮಡುವಿನ ಕೆಳಗೆ ಗೇಣುದ್ದದ ಗುಂಡಿಯಿದೆಯೋ ಮೊಳದುದ್ದದ್ದೋ ಕಾಣದು. ಮುಂದಿನ ವಾಹನದ ಗಾಲಿಯ ಜಾಡಿನಲ್ಲಿಯೇ ಸಾಗುವುದು ಕ್ಷೇಮ.

ಹಳ್ಳಗಳ ಮಾತು ಬೇರೆ. ಬೆಣ್ಣೆಹಳ್ಳ, ಡೋಣಿಯಂಥವು ತಮ್ಮ ಮೇಲೆ ಮಳೆ ಸುರಿಯದಿದ್ದರೂ ಮೇಲ್ಸೀಮೆಯ ಮಳೆಗೆ ಉಕ್ಕಿ ಬರುತ್ತವೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ‘ಮೊಣಕಾಲಷ್ಟೇ ಇದೆ’ ಎಂಬ ಮಾತಿಗೆ ಅರ್ಥವಿಲ್ಲ. ರಭಸದ ನೀರು ಅರ್ಧ ಅಡಿಯಿದ್ದರೂ ನಿಂತ ಮನುಷ್ಯನ ಕಾಲು ಕೀಳಬಲ್ಲದು. ಇಂಥಲ್ಲಿ ನಿಧಾನದ ಸವಾರಿ, ಕುಶಲದ ಸವಾರಿ ಎಂಬುದಿಲ್ಲ. ಹಿಂತಿರುಗಿ ಬರುವುದೊಂದೇ ಇದೆ. ನಿಂತ ನೀರನ್ನು ದಾಟಿದ ಮೇಲೆ ಡ್ರಮ್ ಬ್ರೇಕುಗಳು ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ಮೆಲ್ಲಗೆ ಸಾಗುತ್ತ ಎರಡು ಮೂರು ಸಲ ಹಗುರವಾಗಿ ಒತ್ತಿ ಬಿಟ್ಟು ಅವನ್ನು ಒಣಗಿಸಿಕೊಳ್ಳಬೇಕು.

ಶ್ರಾವಣ ಬಂದರೆ ಮಠಮಾನ್ಯಗಳಲ್ಲಿ ತಿಂಗಳುದ್ದಕ್ಕೂ ಪ್ರವಚನ. ಮುಗಿಯುವುದು ರಾತ್ರಿ, ಪ್ರಸಾದ ಸ್ವೀಕರಿಸಿ ಹೊರಡುವಾಗ ಇನ್ನಷ್ಟು ರಾತ್ರಿ. ಅದು ಮಳೆಗಾಲದ ನಡುವಿನ ತಿಂಗಳು. ಸುತ್ತಲ ಹಳ್ಳಿಗಳಿಂದ ಇಬ್ಬಿಬ್ಬರಾಗಿ ಬೈಕಿನ ಮೇಲೆ ಬಂದವರು ಕತ್ತಲೆಯಲ್ಲಿ ಮರಳುತ್ತಾರೆ. ಕರಿಯ ರೇನ್‌ಕೋಟು, ಕರಿಯ ಹೆಲ್ಮೆಟ್, ಕರಿಯ ರಸ್ತೆ. ಹಿಂದಿನಿಂದ ಬರುವವರಿಗೆ ಕಾಣುವುದು ಕೆಸರು ಮುಚ್ಚಿದ ಒಂದು ಸಣ್ಣ ಕೆಂಪು ದೀಪ ಮಾತ್ರ. ಕೊಳ್ಳುವಾಗಲೇ ಹಳದಿ ಅಥವಾ ಕಿತ್ತಳೆ ಬಣ್ಣದ ರೇನ್‌ಕೋಟನ್ನು ಆರಿಸಿಕೊಂಡರೆ, ಬೆನ್ನಿಗೂ ಹೆಲ್ಮೆಟ್ಟಿನ ಹಿಂಭಾಗಕ್ಕೂ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿದರೆ, ಹೊರಡುವ ಮುನ್ನ ಹಿಂದಿನ ದೀಪವನ್ನು ಒಂದು ಬಟ್ಟೆಯಿಂದ ಒರೆಸಿದರೆ ಬಹಳಷ್ಟು ಸುಧಾರಿಸುತ್ತದೆ. ಎದುರಿನ ವಾಹನದ ಪ್ರಖರ ದೀಪ ನೆನೆದ ರಸ್ತೆಯಲ್ಲಿ ಪ್ರತಿಫಲಿಸಿ ಕಣ್ಣು ಕತ್ತಲಿಟ್ಟಾಗ ಆ ದೀಪವನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ನೋಡುತ್ತ ವೇಗ ಇಳಿಸಬೇಕು. ದೀಪವಿಲ್ಲದೆ ಅಂಚಿನಲ್ಲಿ ನಿಂತ ಟ್ರ್ಯಾಕ್ಟರ್ ಟ್ರೇಲರುಗಳು ಕಾಣುವುದು ತೀರ ಹತ್ತಿರ ಬಂದ ಮೇಲೆ. ಮಳೆ ಹಿಡಿದ ರಾತ್ರಿ ದೂರದ ಊರಿನವರನ್ನು, ಅದರಲ್ಲಿಯೂ ಮಕ್ಕಳೊಂದಿಗರನ್ನು, ಮಠದಲ್ಲಿಯೇ ಉಳಿಸಿಕೊಂಡು ಬೆಳಗ್ಗೆ ಕಳುಹಿಸುವ ಏರ್ಪಾಡನ್ನು ಪ್ರವಚನ ಸಮಿತಿಗಳು ಯೋಚಿಸಬಹುದೆಂದು ನಮ್ಮ ಸೂಚನೆ. ಹಾಸಲು ಜಮಖಾನೆಗಳಿಗೆ ಮಠಗಳಲ್ಲಿ ಕೊರತೆಯಿಲ್ಲ.

ದೇಹದ ಕಡೆಗೂ ಗಮನ ಹರಿಯಲಿ. ನೆನೆದ ಬಟ್ಟೆಯ ಮೇಲೆ ಗಾಳಿ ಬೀಸಿದಾಗ ಮೈಯ ಬಿಸಿ ಬೇಗನೆ ಸೋರಿಹೋಗುತ್ತದೆ. ಮೊದಲು ಮರಗಟ್ಟುವುದು ಬೆರಳುಗಳು, ಅಂದರೆ ಬ್ರೇಕು ಹಿಡಿಯಬೇಕಾದ ಬೆರಳುಗಳೇ. ನಡುಕ ಶುರುವಾಯಿತೆಂದರೆ ನಿಂತು, ಒಣಬಟ್ಟೆ ಧರಿಸಿ, ಬಿಸಿಯಾದದ್ದೇನಾದರೂ ಕುಡಿದು ಮುಂದುವರಿಯಬೇಕು. ಚಳಿಗೆಂದು ಮದ್ಯದ ಗುಟುಕು ಹಾಕುವವರು ಮೋಸ ಹೋಗುತ್ತಾರೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ವಿವೇಚನೆ ಮಂಕಾಗುವುದಂತೂ ಇದ್ದೇ ಇದೆ. ಮದ್ಯ ಮುಟ್ಟದವರೂ ಮೋಸ ಹೋಗುವ ವಸ್ತು ಇನ್ನೊಂದಿದೆ, ನೆಗಡಿಯ ಮಾತ್ರೆ. ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ನೆಗಡಿ, ಅಲರ್ಜಿ, ಕೆಮ್ಮಿನ ಔಷಧಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಕ್ಲೋರ್‌ಫೆನಿರಮೈನ್ ಇರುವವು ಹೆಚ್ಚು, ಸೆಟಿರಿಜಿನ್ ಕೂಡ ಕೆಲವರಿಗೆ. ಅವನ್ನು ನುಂಗಿ ಬೈಕು ಹತ್ತಬಾರದು. ಹೊತ್ತು ಬದಲಿಸಬಹುದೇ, ಬೇರೆ ಔಷಧವಿದೆಯೇ ಎಂದು ವೈದ್ಯರನ್ನು ಕೇಳಬೇಕು.

ಕಾಲಿನಲ್ಲಿ ಗಾಯ ಅಥವಾ ಬಿರುಕು ಇದ್ದವರು ನಿಂತ ನೀರಿಗೆ ಕಾಲಿಡುವಾಗ ಬೂಟು ಧರಿಸಿರಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ಹರಡುವ ಇಲಿಜ್ವರ ಮಳೆಗಾಲದ ರೋಗ. ನೀರಿಗಿಳಿದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಪ್ರತಿ ಸಂಜೆ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒರೆಸಿ ಒಣಗಿಸಿ ನೋಡಿಕೊಳ್ಳಬೇಕು. ನೋವು ತಿಳಿಯದ ಪಾದಕ್ಕೆ ಒದ್ದೆ ಬೂಟು ದೊಡ್ಡ ಶತ್ರು.

ಬಿದ್ದ ಮೇಲೆ ಮಾಡಬೇಕಾದದ್ದು ಇಷ್ಟು. ತರಚು ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಮಣ್ಣು ಹೋಗುವವರೆಗೆ ತೊಳೆಯಬೇಕು. ಕಾಫಿಪುಡಿ, ಸುಣ್ಣ, ತಂಬಾಕು ಮೆತ್ತಬಾರದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುವುದು ನಮ್ಮಲ್ಲಿ ಕರುಣೆಯ ಮೊದಲ ಕ್ರಿಯೆ. ಅದು ಶ್ವಾಸನಾಳಕ್ಕೆ ಇಳಿದು ಉಸಿರನ್ನೇ ಕಟ್ಟಿಸಬಹುದು. ಕತ್ತನ್ನು ಮಣಿಸದೆ, ಕೈಕಾಲು ಹಿಡಿದು ಜೋಲಿಯಂತೆ ಎತ್ತದೆ, ವಾಹನಗಳ ಭಯವಿಲ್ಲದಿದ್ದರೆ ಇದ್ದಲ್ಲಿಯೇ ಇರಿಸಿ, ಮೇಲೊಂದು ಹೊದಿಕೆ ಹಾಸಿ, 108ಕ್ಕೆ ಕರೆ ಮಾಡಬೇಕು. ಉಸಿರಿಗೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಬಲ್ಲವರೇ ತೆಗೆಯಲಿ. ಪೊಲೀಸರ ಗೊಡವೆಯ ಭಯದಿಂದ ಹಿಂಜರಿಯುವ ಕಾಲ ಮುಗಿದಿದೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ನೀಡಿವೆ. ಹೆಸರು ಹೇಳುವಂತೆಯೂ ಅವರನ್ನು ಒತ್ತಾಯಿಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ತಲೆಗೆ ಪೆಟ್ಟು ಬಿದ್ದವರು ಎದ್ದು ಕುಳಿತು, ಚಹಾ ಕುಡಿದು, ‘ಏನೂ ಆಗಿಲ್ಲ ಬಿಡ್ರಿ’ ಎಂದು ಮನೆಗೆ ಹೋದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರುತ್ತಿದ್ದರೆ ಕೆಲವು ತಾಸು ಮನುಷ್ಯ ಸರಿಯಾಗಿಯೇ ಇರುತ್ತಾನೆ. ಹೆಚ್ಚುತ್ತ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಅಸಹಜ ನಿದ್ದೆಮಂಪರು, ತೊದಲು ಅಥವಾ ಸಂಬಂಧವಿಲ್ಲದ ಮಾತು, ಒಂದು ಬದಿಯ ಕೈಕಾಲು ಸೋಲುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಇವುಗಳಲ್ಲಿ ಯಾವುದೊಂದು ಕಂಡರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕು. ಎಚ್ಚರ ತಪ್ಪಿದ್ದವರನ್ನು, ವಯೋವೃದ್ಧರನ್ನು, ಚಿಕ್ಕ ಮಕ್ಕಳನ್ನು, ಹೃದಯಕ್ಕಾಗಿ ರಕ್ತ ತಿಳಿಯಾಗಿಸುವ ಮಾತ್ರೆ ಸೇವಿಸುವವರನ್ನು ಲಕ್ಷಣ ಕಾಣುವವರೆಗೆ ಕಾಯದೆ ತೋರಿಸಬೇಕು. ವೈದ್ಯರು ಮನೆಗೆ ಕಳುಹಿಸಿದರೂ ಆ ರಾತ್ರಿ ಪಕ್ಕದಲ್ಲಿ ಒಬ್ಬರು ಮಲಗಿ, ಅವರು ಹೇಳಿದಂತೆ ನಡುನಡುವೆ ಎಬ್ಬಿಸಿ, ಹೆಸರು ಕೇಳಿ, ಮಾತಾಡಿಸಿ ನೋಡಬೇಕು. ಆಸ್ಪತ್ರೆಗೆ ಹೊರಡುವುದಾದರೆ ಬಿದ್ದ ಹೊತ್ತು, ಎಚ್ಚರ ತಪ್ಪಿತ್ತೇ, ಎಷ್ಟು ಸಲ ವಾಂತಿಯಾಯಿತು, ದಿನವೂ ಸೇವಿಸುವ ಮಾತ್ರೆಗಳಾವುವು, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿರಿಸಿದರೆ ವೈದ್ಯರ ಸಮಯ ಉಳಿಯುತ್ತದೆ.